ರೈಲಿನ ಫೋಟೊಗೆ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ ಸಾಕೇ?

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಾಕು. ಕ್ಯಾನನ್‌ನ ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ, ಅಂದರೆ 1500ಡಿ, 200ಡಿ ತರಹದ್ದು, ಕೈಯಲ್ಲಿದ್ದು ಹಗಲು ಬೆಳಕಿನಲ್ಲಿ ರೈಲಿನ ಫೋಟೊ ತೆಗೆಯುವವರಿಗೆ ಇಎಫ್-ಎಸ್ 55-250 ಎಂಎಂ ಎಫ್4-5.6 ಐಎಸ್ ಎಸ್‌ಟಿಎಂ ಲೆನ್ಸನ್ನು ಮೀರಿ ದುಡ್ಡು ಸುರಿಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಇದರಲ್ಲಿ ತೆಗೆದ ಫೋಟೊ ಮಸುಕಾಗಿ ಬಂದರೆ ಹೆಚ್ಚಿನ ಸಲ ತಪ್ಪು ಗಾಜಿನದಲ್ಲ. ಹಳಿಯ ಮೇಲಿನ ಝಳ, ಸಾಲದ ಷಟರ್ ವೇಗ, ಕಣ್ಣಿಗೆ ಹೊಡೆಯುವ ಹೆಡ್‌ಲೈಟು, ಈ ಮೂರರಲ್ಲಿ ಒಂದರದು. ಈ ಮೂರೂ ಲಕ್ಷ ರೂಪಾಯಿಯ ಲೆನ್ಸಿನ ಎದುರಿಗೂ ಹಾಗೇ ಇರುತ್ತವೆ.

ಕೊಳ್ಳುವ ಮುಂಚೆ ಹೆಸರನ್ನು ಪೂರ್ತಿ ಓದಿ. ಎಂಎಂ ಎಂದರೆ ಜೂಮಿನ ಅಳತೆ; ಎಫ್ ಎಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು; ಐಎಸ್ ಎಂದರೆ ಕೈ ನಡುಕ ತಡೆಯುವ ಸ್ಟೆಬಿಲೈಸರ್. 55-250ರಲ್ಲಿ ಮೂರು ಬಗೆಗಳಿವೆ: 2007ರ ಐಎಸ್, 2011ರ ಐಎಸ್ ಟೂ, 2013ರ ಐಎಸ್ ಎಸ್‌ಟಿಎಂ. ಎರಡು ಲೆನ್ಸಿನ ಕಿಟ್‌ನಲ್ಲಿ 1500ಡಿ ಜೊತೆ ಬರುತ್ತಿದ್ದದ್ದು ಸಾಮಾನ್ಯವಾಗಿ ಐಎಸ್ ಟೂ. ನೋಡಲು ಅಣ್ಣತಮ್ಮಂದಿರಂತೆ ಕಂಡರೂ ಒಳಗಿನದು ಬೇರೆಯೇ ಕಥೆ. ಹಳೆಯ ಎರಡರಲ್ಲೂ ಫೋಕಸ್ ಮಾಡುವುದು ಕೊರಕೊರ ಸದ್ದಿನ ಚಿಕ್ಕ ಡಿಸಿ ಮೋಟರ್. ಫೋಕಸ್ ಆಗುವಾಗ ಮುಂದಿನ ಗಾಜು ತಿರುಗುತ್ತದೆ, ಹಾಗಾಗಿ ಪೋಲರೈಸರ್ (ತಿರುಗಿಸಿ ಹೊಂದಿಸುವ, ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದರೆ ಪ್ರತಿ ಸಲವೂ ಮತ್ತೆ ಸರಿಪಡಿಸಬೇಕು. ಎಸ್‌ಟಿಎಂನಲ್ಲಿ ಸ್ಟೆಪ್ಪಿಂಗ್ ಮೋಟರ್ ಇದೆ, ಫೋಕಸ್ ಒಳಗೇ ನಡೆಯುತ್ತದೆ, ಮುಂದಿನ ಗಾಜು ತಿರುಗುವುದಿಲ್ಲ. ದೃಶ್ಯದ ಅಂಚಿನವರೆಗೂ ಸ್ಪಷ್ಟತೆ ಇರುವುದೂ ಇದರಲ್ಲೇ. ತೂಕ 375 ಗ್ರಾಂ, ಫಿಲ್ಟರ್ ಅಳತೆ 58 ಎಂಎಂ. ರೈಲಿಗಾಗಿ ಕೊಳ್ಳುವುದಾದರೆ ಎಸ್‌ಟಿಎಂ ಮಾತ್ರ ಕೊಳ್ಳಿ. ಹಳೆಯದು ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಈ ಬರಹದ ದೂರ, ಎಂಎಂ, ಷಟರ್ ವೇಗದ ಲೆಕ್ಕಗಳು ಅದಕ್ಕೂ ಹೊಂದುತ್ತವೆ, ಫೋಕಸ್‌ನ ತಾಳ್ಮೆ ಮಾತ್ರ ಜಾಸ್ತಿ ಬೇಕು.

ಎಷ್ಟು ದೂರದಿಂದ, ಎಷ್ಟು ಎಂಎಂ

ರೈಲಿನ ಫೋಟೊಗೆ ಟೆಲಿ ಲೆನ್ಸ್ ಬೇಕಾಗುವುದು ದೂರದ್ದನ್ನು ಹತ್ತಿರ ಎಳೆಯಲಿಕ್ಕಷ್ಟೇ ಅಲ್ಲ. ಮೊಬೈಲ್ ಹಿಡಿದು ಹಳಿಯ ಪಕ್ಕ ನಿಂತರೆ ಎಂಜಿನ್ ಆನೆಯಾಗುತ್ತದೆ, ಹಿಂದಿನ ಬೋಗಿಗಳು ಇರುವೆ ಸಾಲಾಗುತ್ತವೆ. ಹಿಂದೆ ಸರಿದು ನಿಂತು ಜೂಮ್ ಮಾಡಿದಾಗಲೇ ತಿರುವಿನಲ್ಲಿ ಬಾಗಿ ಬರುವ ಬೋಗಿಗಳ ಸಾಲು ಎಂಜಿನ್ನಿನ ಹಿಂದೆ ತುಂಬಿಕೊಂಡು ಕಾಣುವುದು. ಈ ಕೆಲಸಕ್ಕೆ ಹೇಳಿಮಾಡಿಸಿದ ವ್ಯಾಪ್ತಿ 100ರಿಂದ 180 ಎಂಎಂ. 250 ಬರೆದಿದೆಯೆಂದು 250ಕ್ಕೇ ತಿರುಗಿಸಿ ನಿಲ್ಲುವುದು ಹೊಸಬರ ಚಾಳಿ.

ಲೆಕ್ಕ ಹೀಗಿದೆ. ಈ ಕ್ಯಾಮೆರಾಗಳ ಸೆನ್ಸರ್ ಅಗಲ 22.3 ಮಿ.ಮೀ. 250 ಎಂಎಂನಲ್ಲಿ 100 ಮೀಟರ್ ದೂರಕ್ಕೆ ಚೌಕಟ್ಟಿನೊಳಗೆ ಸಿಗುವುದು ಸುಮಾರು 9 ಮೀಟರ್ ಅಗಲ, 6 ಮೀಟರ್ ಎತ್ತರ. ಎಂಜಿನ್ನಿನ ಮುಖ ಅದರೊಳಗೆ ತುಂಬಿ ನಿಲ್ಲುತ್ತದೆ; ಮೇಲಿನ ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ಎಳೆಯುವ ಚೌಕಟ್ಟು) ಕತ್ತರಿಸಿಹೋಗುವ ಭಯ ಇದ್ದೇ ಇದೆ. ವಿದ್ಯುತ್ ಎಂಜಿನ್ನಿಗೆ ತಂತಿಯವರೆಗೂ ಜಾಗ ಬಿಡಬೇಕು, ಹಾಗಾಗಿ 100 ಮೀಟರಿಗೆ 180-200 ಎಂಎಂ ಸಾಕು. 135 ಎಂಎಂನಲ್ಲಿ 80 ಮೀಟರಿಗೆ 13 ಮೀಟರ್ ಅಗಲ ಸಿಗುತ್ತದೆ: ಮುಖ, ಒಂದು ಮಗ್ಗುಲು, ಹಿಂದೆ ಬಾಗಿದ ಬೋಗಿಗಳು, ಎಲ್ಲಕ್ಕೂ ಜಾಗ.

ಪಕ್ಕದಿಂದ ಇಡೀ ಎಂಜಿನ್ ಬೇಕೆಂದರೆ ತೊಂದರೆ ಇನ್ನೊಂದು ತುದಿಯಲ್ಲಿದೆ. ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನಿನ ಉದ್ದ 20.5 ಮೀಟರಿಗೆ ತುಸು ಹೆಚ್ಚು. 55 ಎಂಎಂನಲ್ಲಿ 50 ಮೀಟರ್ ದೂರ ನಿಂತರೆ ಸಿಗುವ ಅಗಲ 20 ಮೀಟರ್. ಮೂತಿಯೋ ಬಾಲವೋ ಹೊರಗೆ. 60 ಮೀಟರಾದರೂ ಹಿಂದೆ ಸರಿಯಬೇಕು, ಗದ್ದೆ ಬಯಲಿನಲ್ಲಿ ಇದು ಸುಲಭ, ಕಂದಕದಲ್ಲಿ ಹಾದುಹೋಗುವ ಹಳಿಗೆ ಆಗದ ಮಾತು. ಇನ್ನು ಇಡೀ ರೈಲು ಪಕ್ಕದಿಂದ ಬೇಕೆಂದರೆ ಈ ಲೆನ್ಸನ್ನು ಚೀಲದಲ್ಲೇ ಬಿಡಿ. 22 ಎಲ್‌ಎಚ್‌ಬಿ (ಹೊಸ ಮಾದರಿಯ) ಬೋಗಿಗಳ ರೈಲು ಹತ್ತಿರಹತ್ತಿರ 550 ಮೀಟರ್ ಉದ್ದ. 55 ಎಂಎಂನಲ್ಲಿ ಅದನ್ನು ಹಿಡಿಯಲು 1.35 ಕಿ.ಮೀ.ಗೂ ಹೆಚ್ಚು ದೂರ ನಿಲ್ಲಬೇಕಾಗುತ್ತದೆ. ಹೊನ್ನಾವರದ ಶರಾವತಿ ಸೇತುವೆ 2 ಕಿ.ಮೀ.ಗೂ ಉದ್ದ, ಅಲ್ಲಿ ರೈಲು ಪೂರ್ತಿ ಬರಬೇಕು, ನೀರೂ ಬರಬೇಕು ಎಂದರೆ 18-55 ಕಿಟ್ ಲೆನ್ಸೇ ಸರಿ.

ಫೋಕಸ್: ರೈಲು ಬರುವ ಮುಂಚೆ ಮುಗಿಸುವ ಕೆಲಸ

ಎಸ್‌ಟಿಎಂ ಮೋಟರ್ ಸದ್ದಿಲ್ಲದ್ದು, ನಯವಾದದ್ದು. ವೇಗದ್ದು ಎನ್ನಲಾಗದು. ದೂರದಿಂದ ಬರುವ ರೈಲನ್ನು ಎಐ ಸರ್ವೋದಲ್ಲಿ (ಬಿಡದೆ ಫೋಕಸ್ ಬದಲಿಸುತ್ತಿರುವ ಸೆಟಿಂಗ್) ಹಿಂಬಾಲಿಸುವ ಮಟ್ಟಿಗೆ ತೊಂದರೆಯಿಲ್ಲ. 200 ಮೀಟರಿನಿಂದ 80 ಮೀಟರಿಗೆ ಫೋಕಸ್ ಸರಿಯಬೇಕಾದದ್ದು ಅತ್ಯಲ್ಪ. ಎಡವುವುದು ಒಮ್ಮೆ ದಾರಿ ತಪ್ಪಿದಾಗ. ಎದುರಿನ ಹುಲ್ಲಿಗೋ ಸಿಗ್ನಲ್ ಕಂಬಕ್ಕೋ ಕಚ್ಚಿಕೊಂಡರೆ ಲೆನ್ಸು ಹತ್ತಿರದ ತುದಿಯವರೆಗೂ ಹೋಗಿ ವಾಪಸು ಬರುತ್ತದೆ. ಅಷ್ಟರಲ್ಲಿ ಒಂದು ಸೆಕೆಂಡು ಕಳೆದರೂ ಗಂಟೆಗೆ 110 ಕಿ.ಮೀ. ವೇಗದ ರೈಲು 30 ಮೀಟರ್ ಮುಂದೆ ಬಂದಿರುತ್ತದೆ. ದುಬಾರಿ ಲೆನ್ಸುಗಳಲ್ಲಿರುವ ಫೋಕಸ್ ಮಿತಿಯ ಸ್ವಿಚ್ ಇದರಲ್ಲಿಲ್ಲ.

ಆದ್ದರಿಂದ ಹಳೆಯ ಪದ್ಧತಿಯೇ ಗಟ್ಟಿ. ಎಂಜಿನ್ ಎಲ್ಲಿಗೆ ಬಂದಾಗ ಫೋಟೊ ಬೇಕೋ ಅಲ್ಲಿನ ವಿದ್ಯುತ್ ಕಂಬದ ಬುಡಕ್ಕೆ ಫೋಕಸ್ ಮಾಡಿ, ಮಗ್ಗುಲಿನ ಸ್ವಿಚ್ಚನ್ನು ಎಂಎಫ್‌ಗೆ (ಕೈಯಿಂದ ಮಾಡುವ ಫೋಕಸ್‌ಗೆ) ತಳ್ಳಿ. ಆಮೇಲೆ ಉಂಗುರಕ್ಕೆ ಬೆರಳು ತಾಗಿಸಬೇಡಿ, ಜೂಮ್ ಬದಲಿಸಬೇಡಿ. ಜೂಮ್ ಬದಲಾದರೆ ಫೋಕಸ್ ಮತ್ತೆ ಮಾಡಬೇಕು. ಇದರ ಫೋಕಸ್ ಉಂಗುರ ವಿದ್ಯುತ್ ಸಂಕೇತದ ಮೂಲಕ ಮೋಟರನ್ನು ನಡೆಸುವಂಥದ್ದು, ಕ್ಯಾಮೆರಾ ಆಫ್ ಆಗಿದ್ದರೆ ತಿರುಗಿಸಿದರೂ ಏನೂ ಆಗುವುದಿಲ್ಲ. ದೂರದ ಅಳತೆಯ ಗೆರೆಗಳೂ ಮೈಮೇಲಿಲ್ಲ. ಕಾದು ಕಾದು ಕ್ಯಾಮೆರಾ ಮಲಗಿ, ಎಚ್ಚರಿಸಿದ ಮೇಲೆ ಇನ್ನೊಮ್ಮೆ ಫೋಕಸ್ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ? 135 ಎಂಎಂ, ಎಫ್8, 80 ಮೀಟರಿಗೆ ಫೋಕಸ್: 48 ಮೀಟರಿನಿಂದ 240 ಮೀಟರಿನವರೆಗೆ ಎಲ್ಲವೂ ಚೊಕ್ಕ. ಇಲ್ಲಿ ತಪ್ಪುವುದೇ ಕಷ್ಟ. ಅದೇ 250 ಎಂಎಂ, ಎಫ್5.6, 100 ಮೀಟರಿಗೆ ಫೋಕಸ್ ಎಂದರೆ 85ರಿಂದ 120 ಮೀಟರ್ ಮಾತ್ರ. ಆ 35 ಮೀಟರನ್ನು 110ರ ವೇಗದ ರೈಲು ದಾಟಲು ಒಂದು ಸೆಕೆಂಡಿಗೆ ಚೂರು ಹೆಚ್ಚು ಸಾಕು. 1500ಡಿ ಸೆಕೆಂಡಿಗೆ 3 ಫೋಟೊ ತೆಗೆಯುತ್ತದೆ, ಅಂದರೆ ಒಂದು ಫೋಟೊದಿಂದ ಇನ್ನೊಂದಕ್ಕೆ ಎಂಜಿನ್ 10 ಮೀಟರ್ ಜಿಗಿದಿರುತ್ತದೆ. 200ಡಿಯ 5 ಫೋಟೊ ವೇಗದಲ್ಲಿ 6 ಮೀಟರ್. ಗುಂಡಿ ಒತ್ತಿ ಹಿಡಿದು ಅದೃಷ್ಟ ನಂಬುವುದಕ್ಕಿಂತ ಕಂಬ ನೋಡಿಕೊಂಡು ಒಂದೇ ಸಲ ಸರಿಯಾಗಿ ಒತ್ತುವವರಿಗೆ 1500ಡಿಯಲ್ಲಿ ಒಳ್ಳೆಯ ಫಲ ಸಿಗುತ್ತದೆ. ಆ ಕ್ಯಾಮೆರಾದ 9 ಫೋಕಸ್ ಬಿಂದುಗಳಲ್ಲಿ ನಡುವಿನದೊಂದೇ ಕ್ರಾಸ್ ಬಗೆಯದು (ಅಡ್ಡ, ಉದ್ದ ಎರಡೂ ಗೆರೆಗಳನ್ನು ಹಿಡಿಯುವಂಥದ್ದು). ಸರ್ವೋ ಬಳಸಲೇಬೇಕೆಂದಿದ್ದರೆ ಅದೊಂದನ್ನೇ ಆರಿಸಿಕೊಂಡು ಎಂಜಿನ್ನಿನ ಮುಂಗಾಜಿನ ಕೆಳಗಿನ ಅಂಚಿಗೆ ಇಡಿ, ಹೆಡ್‌ಲೈಟಿನ ಮೇಲಂತೂ ಬೇಡವೇ ಬೇಡ. ಉರಿಯುವ ದೀಪಕ್ಕೆ ಅಂಚು ಎಂಬುದೇ ಇಲ್ಲ, ಫೋಕಸ್ ಅಲ್ಲೇ ತಡಕಾಡುತ್ತದೆ.

ಷಟರ್ ವೇಗಕ್ಕೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಅದು ಕೋನದ ಪ್ರಶ್ನೆ. 110ರ ವೇಗದ ರೈಲು 1/1000 ಸೆಕೆಂಡಿನಲ್ಲಿ 3 ಸೆಂ.ಮೀ. ಸರಿಯುತ್ತದೆ. ನಿಮ್ಮತ್ತಲೇ 15 ಡಿಗ್ರಿ ಕೋನದಲ್ಲಿ ಬರುತ್ತಿದ್ದರೆ 135 ಎಂಎಂ, 80 ಮೀಟರಿಗೆ ಅದು 24 ಮೆಗಾಪಿಕ್ಸೆಲ್ ಸೆನ್ಸರಿನ ಮೇಲೆ ಮೂರೂವರೆ ಪಿಕ್ಸೆಲ್ ಬಳಿದಂತಾಗುತ್ತದೆ, ಪರದೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪಕ್ಕದಿಂದ, 60 ಮೀಟರಿನಲ್ಲಿ, 55 ಎಂಎಂ ಇದ್ದರೂ ಅದೇ 1/1000ಕ್ಕೆ ಏಳೆಂಟು ಪಿಕ್ಸೆಲ್ ಬಳಿಯುತ್ತದೆ. ಬೋಗಿಯ ಮೇಲಿನ ಸಂಖ್ಯೆ ಮಸುಕಾಗುತ್ತದೆ. ಮುಂದಿನಿಂದ 1/1000, ಓರೆಯಿಂದ 1/1600, ಪಕ್ಕದಿಂದ 1/3200 ಅಥವಾ 1/4000. ಕೊನೆಯದಕ್ಕೆ ಬೆಳಕು ಸಾಲದಿದ್ದರೆ ಹಟ ಬಿಟ್ಟು ಪ್ಯಾನಿಂಗ್‌ಗೆ ಇಳಿಯಿರಿ: 1/60, 70 ಎಂಎಂ ಆಸುಪಾಸು, ಎಫ್11 ಅಥವಾ ಅದಕ್ಕಿಂತ ಮುಚ್ಚಿದ ಕಿಂಡಿ, ಸೊಂಟದಿಂದ ತಿರುಗುತ್ತ ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದಿರುವುದು. ಸ್ಟೆಬಿಲೈಸರ್‌ಗೆ ಇರುವುದು ಆನ್, ಆಫ್ ಎರಡೇ. ಪ್ಯಾನಿಂಗ್‌ಗೆ ಬೇರೆ ಸ್ಥಾನವಿಲ್ಲ. 1/1000ಕ್ಕಿಂತ ವೇಗದಲ್ಲಿ ಅದರಿಂದ ಲಾಭವಿಲ್ಲ, ಟ್ರೈಪಾಡ್ ಮೇಲಿದ್ದಾಗ ಆಫ್ ಮಾಡುವುದೇ ಸರಿ.

ಝಳ ಮತ್ತು ಹೆಡ್‌ಲೈಟು

ಬಿಸಿಲು ಏರಿದ ಮೇಲೆ ಹಳಿ ಕಾಯುತ್ತದೆ, ಜಲ್ಲಿ ಕಾಯುತ್ತದೆ, ಅದರ ಮೇಲಿನ ಗಾಳಿ ನೀರಿನಂತೆ ಕುಣಿಯುತ್ತದೆ. ಅರ್ಧ ಕಿ.ಮೀ. ದೂರದ ಎಂಜಿನ್ನನ್ನು 250 ಎಂಎಂನಲ್ಲಿ ಎಳೆದರೆ ಆ ಕುಣಿತವೂ ಜೊತೆಗೇ ಬರುತ್ತದೆ. ಎಂಜಿನ್ನಿನ ಅಂಚು ಸೊಟ್ಟ, ನಂಬರು ಕರಗಿದಂತೆ. ಇದನ್ನು ನೋಡಿಯೇ ಎಷ್ಟೋ ಜನ ಲೆನ್ಸ್ ಸಾಫ್ಟ್ ಎಂದು ಮಾರಿಬಿಡುತ್ತಾರೆ, ಪಾಪ. ಪರೀಕ್ಷೆ ಸುಲಭ: ಮುಂಜಾನೆ ಅಥವಾ ಮಳೆ ನಿಂತ ಕೂಡಲೇ ಅದೇ ಜಾಗದಲ್ಲಿ, ಅದೇ ಎಂಎಂನಲ್ಲಿ ತೆಗೆಯಿರಿ. ಸ್ಪಷ್ಟವಾಗಿ ಬಂದರೆ ಲೆನ್ಸ್ ನಿರ್ದೋಷಿ. ಫೆಬ್ರುವರಿಯಿಂದ ಮೇವರೆಗೆ ಬಯಲುಸೀಮೆಯಲ್ಲಿ ಒಂಬತ್ತು ಗಂಟೆಯ ಮೇಲೆ 150 ಮೀಟರಿಗಿಂತ ದೂರದ ಫೋಟೊ ನಂಬುವಂತಿಲ್ಲ. ರಸ್ತೆ ಮೇಲ್ಸೇತುವೆಯ ಮೇಲೆ ನಿಂತರೆ ನೋಟದ ಗೆರೆ ಜಲ್ಲಿಗೆ ತಾಗಿಕೊಂಡು ಹೋಗುವುದು ತಪ್ಪುತ್ತದೆ, ಝಳ ಅಷ್ಟರಮಟ್ಟಿಗೆ ಕಡಿಮೆ. ಷಟರ್ ಏರಿಸಿದರೆ ಇದಕ್ಕೆ ಮದ್ದಿಲ್ಲ.

ಹೆಡ್‌ಲೈಟಿನ ಕಾಟ ಎರಡು ಬಗೆ. ಮೊದಲನೆಯದು ಬೆಳಕು ಅಳೆಯುವ ಮೀಟರಿಗೆ ಮೋಸ: ದೀಪ ನೋಡಿ ಕ್ಯಾಮೆರಾ ಇಡೀ ಚಿತ್ರ ಕಪ್ಪಾಗಿಸುತ್ತದೆ. ರೈಲು ಬರುವ ಮುಂಚೆಯೇ ಮ್ಯಾನುವಲ್‌ನಲ್ಲಿ ಅಳತೆ ಕೂಡಿಸಿಡಿ. ಒಳ್ಳೆಯ ಬೆಳಗಿನ ಬಿಸಿಲಿಗೆ ಎಫ್7.1, 1/1250, ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 400ರಿಂದ ಶುರುಮಾಡಬಹುದು. ಬಿಳಿ ಮೈಯ ಡಬ್ಲ್ಯುಎಪಿ-7, ಬಿಳಿ-ನೀಲಿ ವಂದೇ ಭಾರತ್ ನೇರ ಬಿಸಿಲಿನಲ್ಲಿ ಬೇಗ ಸುಟ್ಟುಹೋಗುತ್ತವೆ, ಅವಕ್ಕೆ ಮೂರನೇ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಎರಡನೆಯದು ಗಾಜಿನೊಳಗಿನ ಪ್ರತಿಬಿಂಬ: ದೀಪದ ಎದುರು ಮೂಲೆಯಲ್ಲಿ ಹಸಿರು ಚುಕ್ಕೆಗಳು. ಇದಕ್ಕೆ ಮುಖ್ಯ ಕಾರಣ ರಕ್ಷಣೆಗೆಂದು ಹಾಕಿದ ಅಗ್ಗದ ಯುವಿ ಫಿಲ್ಟರ್. ಅದನ್ನು ಬಿಚ್ಚಿ ಇಟಿ-63 ಹುಡ್ (ಲೆನ್ಸಿನ ಮುಂದಿನ ನೆರಳಿನ ಕೊಳವೆ) ಹಾಕಿಕೊಳ್ಳಿ. ಹುಡ್ ಡಬ್ಬದಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ಈ ಜಿಪುಣತನ ಕ್ಯಾನನ್‌ಗೆ ಶೋಭೆ ತರುವಂಥದ್ದಲ್ಲ.

ಇದರ ಜೊತೆಗೇ ಹೇಳಬೇಕಾದದ್ದು ರೈಲಿನ ಮೇಲಿನ ಡಿಜಿಟಲ್ ಬೋರ್ಡು. ಊರಿನ ಹೆಸರು ತೋರಿಸುವ ಎಲ್‌ಇಡಿ ಸಾಲುಗಳು ಒಟ್ಟಿಗೆ ಉರಿಯುವುದಿಲ್ಲ, ಸರದಿಯ ಮೇಲೆ ಮಿನುಗುತ್ತವೆ. 1/1000ರಲ್ಲಿ ಅಕ್ಷರಗಳು ಅರ್ಧಂಬರ್ಧ. ಬೋರ್ಡು ಓದಿಸಬೇಕೆಂದರೆ ರೈಲು ನಿಂತಿರುವಾಗ ಅಥವಾ ತೆವಳುವಾಗ 1/125ಕ್ಕೆ ಇಳಿಯಬೇಕು, ಆಗ ಸ್ಟೆಬಿಲೈಸರ್ ನಿಜಕ್ಕೂ ಉಪಕಾರಿ.

ಘಾಟಿ, ಮಳೆ, ಬೂಷ್ಟು

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಘಾಟಿಯಲ್ಲಿ ಏರು 50ಕ್ಕೆ 1. ರೈಲು ಗಂಟೆಗೆ 30 ಕಿ.ಮೀ. ಮೀರದೆ ನಡೆಯುತ್ತದೆ, ಆದ್ದರಿಂದ 1/320 ಸಾಕು. ಕೊರತೆ ಬೆಳಕಿನದು. ಜುಲೈ ತಿಂಗಳ ಮೋಡ, ಮೇಲೆ ಮರಗಳ ಚಪ್ಪರ. ಈ ಲೆನ್ಸ್ 55ರಲ್ಲಿ ಎಫ್4 ಇದ್ದರೂ 150 ಎಂಎಂ ಆಸುಪಾಸಿಗೇ ಎಫ್5.6ಕ್ಕೆ ಇಳಿದಿರುತ್ತದೆ. ಐಎಸ್‌ಒ 1600ರಿಂದ 3200ಕ್ಕೆ ಸಿದ್ಧರಾಗಿ, ಸಾಧ್ಯವಾದಷ್ಟು 100 ಎಂಎಂ ಒಳಗೇ ಇರಿ. ಮಂಜಿನಲ್ಲಿ ಆಟೋಫೋಕಸ್‌ಗೆ ಹಿಡಿತ ಸಿಗುವುದಿಲ್ಲ, ಅಲ್ಲೂ ಕಂಬದ ಉಪಾಯವೇ ಗತಿ. ಈ ಘಾಟಿಯಲ್ಲೂ, ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದತ್ತ ಇಳಿಯುವ 37ಕ್ಕೆ 1ರ ಘಾಟಿಯಲ್ಲೂ ಹಳಿಯ ಮೇಲೆ ನಡೆದು ಹೋಗುವುದು ನಿಷಿದ್ಧ. ರೈಲ್ವೆ ಕಾಯ್ದೆ 1989ರ 147ನೇ ಕಲಮಿನಡಿ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಲ್ದಾಣದ ಪ್ಲಾಟ್‌ಫಾರ್ಮ್, ರಸ್ತೆ, ಲೆವೆಲ್ ಕ್ರಾಸಿಂಗ್ ಗೇಟಿನ ಹೊರಗೆ: ಟೆಲಿ ಲೆನ್ಸ್ ಇರುವುದೇ ಇಷ್ಟು ದೂರ ನಿಂತೂ ಫೋಟೊ ಸಿಗಲಿ ಎಂದು. ಮೇಲ್ಸೇತುವೆಯ ಮೇಲಿದ್ದಾಗ ಕೆಳಗಿನ ತಂತಿಯಲ್ಲಿ 25,000 ವೋಲ್ಟ್ ಇದೆ ಎಂಬುದು ನೆನಪಿರಲಿ. ಮೋನೊಪಾಡ್, ಸೆಲ್ಫಿ ಕಡ್ಡಿ ಬೇಲಿಯಾಚೆ ಚಾಚುವುದು ಬೇಡ. ತಂತಿ ಮುಟ್ಟಬೇಕೆಂದೇನಿಲ್ಲ, ಹತ್ತಿರ ಹೋದರೂ ಹೊಡೆಯುತ್ತದೆ.

ಲೆನ್ಸಿಗೆ ಮಳೆಯ ರಕ್ಷಣೆ ಇಲ್ಲ. ಕ್ಯಾಮೆರಾಕ್ಕೆ ಕೂರುವ ಮೌಂಟು ಪ್ಲಾಸ್ಟಿಕ್, ಅಲ್ಲಿ ರಬ್ಬರಿನ ಸುತ್ತು ಕಟ್ಟಿಲ್ಲ. ಜೂಮ್ ಮಾಡಿದಾಗ ಮುಂದಿನ ಕೊಳವೆ ಹೊರಚಾಚುತ್ತದೆ, ಒಳಸರಿದಾಗ ಹೊರಗಿನ ತೇವ, ಧೂಳು ಎರಡನ್ನೂ ಎಳೆದುಕೊಳ್ಳುತ್ತದೆ. ಜಿಟಿಜಿಟಿ ಮಳೆಗೆ ಪ್ಲಾಸ್ಟಿಕ್ ಚೀಲದ ತಳ ಕತ್ತರಿಸಿ, ಹುಡ್ಡಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು. ಮನೆಗೆ ಬಂದ ಮೇಲೆ ಕೊಳವೆಯನ್ನು ಪೂರ್ತಿ ಹೊರಚಾಚಿ ಒರೆಸಿ, ಫ್ಯಾನ್ ಕೆಳಗೆ ಆರಲು ಬಿಡಿ. ಒದ್ದೆ ಲೆನ್ಸನ್ನು ಚೀಲದೊಳಗೆ ಹಾಕಿ ಮರೆತರೆ ಮಲೆನಾಡು, ಕರಾವಳಿಯಲ್ಲಿ ಒಂದು ಮಳೆಗಾಲ ಸಾಕು, ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಶೇ. 50ರ ಒಳಗಿದೆಯೇ ಎಂದು ತೋರಿಸುವ ಚಿಕ್ಕ ಮೀಟರ್: ಇಷ್ಟಕ್ಕೆ ತಗಲುವ ಖರ್ಚು ಬೂಷ್ಟು ತೆಗೆಸುವುದಕ್ಕಿಂತ ಎಷ್ಟೋ ಕಡಿಮೆ. ಗೂಡ್ಸ್ ರೈಲು ಹಾದುಹೋದಾಗ ಏಳುವ ಬ್ರೇಕಿನ ಧೂಳು ಉಜ್ಜಿದರೆ ಗಾಜು ಗೀರುವಂಥದ್ದು, ಮೊದಲು ಊದಿ, ಆಮೇಲೆ ಬಟ್ಟೆ.

ಎಲ್ಲಿ ಕೈಕೊಡುತ್ತದೆ

ಸೂರ್ಯ ಮುಳುಗಿದ ಮೇಲೆ. ಚಲಿಸುವ ರೈಲಿಗೆ ಎಫ್5.6 ಆಗ ಬಡ ಕಿಂಡಿ, ಐಎಸ್‌ಒ 6400ಕ್ಕೆ ಹೋದರೂ 1/125 ದಾಟುವುದು ಕಷ್ಟ. ಸ್ಟೆಬಿಲೈಸರ್ ನಿಮ್ಮ ಕೈ ನಡುಕ ನಿಲ್ಲಿಸುತ್ತದೆ, ರೈಲನ್ನಲ್ಲ. ರಾತ್ರಿ ಪ್ಲಾಟ್‌ಫಾರ್ಮ್‌ಗೆ 50 ಎಂಎಂ ಎಫ್1.8 ಒಯ್ಯಿರಿ. 250ರ ತುದಿಯಲ್ಲಿ ವಿದ್ಯುತ್ ಕಂಬಗಳು ತುಸು ಒಳಬಾಗಿ ಕಾಣುವುದು, ಎಫ್5.6ರಲ್ಲಿ ಮೂಲೆ ಕಪ್ಪಾಗುವುದು ಇದೆ, ಆದರೆ ಎರಡೂ ಒಂದು ಕ್ಲಿಕ್ಕಿನಲ್ಲಿ ಸರಿಹೋಗುವ ದೋಷ. ಬಿಳಿ ಆಕಾಶದ ಎದುರು ತಂತಿಯ ಅಂಚಿಗೆ ನೇರಳೆ ಬಣ್ಣ ಹತ್ತುವುದು ಈ ಬೆಲೆಯ ಲೆನ್ಸಿಗೆ ಅಚ್ಚರಿಯಾಗುವಷ್ಟು ಕಡಿಮೆ. ಇನ್ನಷ್ಟು ದೂರಕ್ಕೆಂದು ಕ್ಯಾನನ್‌ನ ಎಕ್ಸ್‌ಟೆಂಡರ್ ಹಾಕೋಣವೆಂದರೆ ಅದು ಇದಕ್ಕೆ ಕೂರುವುದೇ ಇಲ್ಲ.

ಹತ್ತಿರದ ಕೆಲಸಕ್ಕೆ ಮಾತ್ರ ಇದು ಯಾರೂ ಹೊಗಳದ ಗುಣ ಇಟ್ಟುಕೊಂಡಿದೆ. 85 ಸೆಂ.ಮೀ.ಗೇ ಫೋಕಸ್ ಆಗುತ್ತದೆ, 250ರಲ್ಲಿ 0.29 ಪಟ್ಟು ದೊಡ್ಡದಾಗಿ. ಎಂಜಿನ್ನಿನ ಮೇಲೆ ಬರೆದ ಶೆಡ್ಡಿನ ಹೆಸರು, ತಯಾರಕರ ಫಲಕ, ಕಪ್ಲಿಂಗು, ಗಾಲಿಯ ಸ್ಪ್ರಿಂಗು, ಇವನ್ನೆಲ್ಲ ಪ್ಲಾಟ್‌ಫಾರ್ಮಿನ ಹಳದಿ ಗೆರೆ ದಾಟದೆಯೇ ತೆಗೆಯಬಹುದು. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಜೇಬಿನಲ್ಲಿರಲಿ. ಪುಟ್ಟ ಕಪ್ಪು ಲೆನ್ಸ್ ಯಾರ ಕಣ್ಣನ್ನೂ ಕುಕ್ಕುವುದಿಲ್ಲ. ಟ್ರೈಪಾಡ್ ಬಿಡಿಸಿದಿರೋ, ಆರ್‌ಪಿಎಫ್‌ನವರ (ರೈಲ್ವೆ ರಕ್ಷಣಾ ಪಡೆ) ಪ್ರಶ್ನೆಗಳಿಗೆ ಉತ್ತರ ತಯಾರಿರಬೇಕು.

ಬದಲಿಗೆ ಏನಿದೆ? ಇಎಫ್ 70-300 ಐಎಸ್ ಟೂ ಯುಎಸ್‌ಎಂ ಫೋಕಸ್‌ನಲ್ಲಿ ನಿಜಕ್ಕೂ ಚುರುಕು, ಫುಲ್ ಫ್ರೇಮಿಗೂ (ದೊಡ್ಡ ಸೆನ್ಸರಿನ ಕ್ಯಾಮೆರಾಗೂ) ಆಗುತ್ತದೆ; ತೂಕ 710 ಗ್ರಾಂ, ಬೆಲೆಯೂ ಹಾಗೇ. 5ಡಿ, 6ಡಿ ಇರುವವರಿಗೆ ಅದೇ ದಾರಿ, ಏಕೆಂದರೆ ಇಎಫ್-ಎಸ್ ಲೆನ್ಸ್ ಆ ಕ್ಯಾಮೆರಾಗಳಿಗೆ ಕೂರುವುದಿಲ್ಲ. ಮಿರರ್‌ಲೆಸ್ ಆರ್50, ಆರ್10 ಕೊಂಡವರು ಆರ್‌ಎಫ್-ಎಸ್ 55-210 ನೋಡುತ್ತಾರೆ. ತೂಕ 270 ಗ್ರಾಂ ಮಾತ್ರ, ಆದರೆ ತುದಿಯಲ್ಲಿ ಎಫ್7.1, ಅಂದರೆ ಮೂರನೇ ಎರಡು ಸ್ಟಾಪ್ ಬೆಳಕು ಖೋತಾ, ತಲುಪುವ ದೂರವೂ ಕಡಿಮೆ. ಹಳೆಯ 55-250 ಎಸ್‌ಟಿಎಂ ಇದ್ದರೆ ಕ್ಯಾನನ್‌ನ ಅಡಾಪ್ಟರಿನಲ್ಲಿ ಅದನ್ನೇ ಮುಂದುವರಿಸಿ, ಸ್ಟೆಬಿಲೈಸರ್, ಆಟೋಫೋಕಸ್ ಎರಡೂ ಕೆಲಸ ಮಾಡುತ್ತವೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇದು ಧಾರಾಳವಾಗಿ ಸಿಗುತ್ತದೆ, ಕೊಳ್ಳುವುದಾದರೆ ಸ್ವಂತ ಕ್ಯಾಮೆರಾ ಮತ್ತು ಮೊಬೈಲ್ ಟಾರ್ಚ್ ಒಯ್ಯಿರಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಎಳೆ ಎಳೆಯಾಗಿ ಹರಡಿದ್ದು ಕಂಡರೆ ಬೇಡ. ಕೊಳವೆಯನ್ನು ಹೊರಚಾಚಿ ಮೆಲ್ಲಗೆ ಅಲುಗಾಡಿಸಿ, ಲೊಡಲೊಡ ಎಂದರೆ ಎಲ್ಲೋ ಬಿದ್ದಿದೆ. ಪ್ಲಾಸ್ಟಿಕ್ ಮೌಂಟಿನ ಹಲ್ಲುಗಳಲ್ಲಿ ಬಿರುಕು ನೋಡಿ. 250ರಲ್ಲಿ ವ್ಯೂಫೈಂಡರ್ ನೋಡುತ್ತ ಗುಂಡಿ ಅರ್ಧ ಒತ್ತಿದರೆ ಚಿತ್ರ ತೇಲಿ ನಿಂತಂತಾಗಬೇಕು, ನೆಗೆದಾಡಿದರೆ ಸ್ಟೆಬಿಲೈಸರ್ ಕೆಟ್ಟಿದೆ. ಕೊನೆಗೆ ಇಟ್ಟಿಗೆ ಗೋಡೆಯನ್ನು ಎದುರಾಎದುರು ನಿಂತು 250, ಎಫ್5.6ರಲ್ಲಿ ತೆಗೆದು ಎಡ ಅಂಚು, ಬಲ ಅಂಚು ಎರಡನ್ನೂ ಪೂರ್ತಿ ಹಿಗ್ಗಿಸಿ ನೋಡಿ. ಒಂದು ಕಡೆ ಮಾತ್ರ ಮಸುಕಾಗಿದ್ದರೆ ಗಾಜು ಓರೆಯಾಗಿ ಕೂತಿದೆ ಎಂದರ್ಥ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.